ಗಿಲಾಫಿನೊಳಗಿನ ಗಿಳಿಮರಿ

ಕಣ್ಣು ಕಟ್ಟಿ ಪಾಠ ಹೇಳುವ ಶಾಲೆಯನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಬಸವಕಲ್ಯಾಣವನ್ನು ಜನ ಇನ್ನೂ ಕಲ್ಯಾಣಿ ಎನ್ನುತ್ತಿದ್ದ ಕಾಲ, ನಿಜಾಮರ ಆಳ್ವಿಕೆ ಮುಗಿದ ಮರುವರ್ಷ. ಮದುವೆಯಾಗಿ ಮೋರಖಂಡಿಯಿಂದ ಬಂದಿದ್ದ ನಾನು, ನನ್ನ ಗಂಡ, ಒಬ್ಬ ಮುಸ್ಲಿಂ ವಿಧವೆಯ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಅವರನ್ನು ನಾನು ಖಾಲಾ ಎನ್ನುತ್ತಿದ್ದೆ, ಅಂದರೆ ಚಿಕ್ಕಮ್ಮ. ಒಳ್ಳೆಯ ಹೆಂಗಸು. ಆದರೆ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಖಾಲಾ ಅವರ ಯಜಮಾನರು ತೀರಿ ಮೂರು ವರ್ಷವಾಗಿತ್ತು. ಅವರದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಉಳಿದದ್ದು ಪಡಸಾಲೆಯ ಪಂಜರದಲ್ಲಿದ್ದ ಮುದಿ ಗಿಳಿಯೊಂದೇ. ಯಜಮಾನರು ಸಂಜೆ ಅಂಗಡಿ ಮುಚ್ಚಿ ಬಂದು, ಹೊಸ್ತಿಲಲ್ಲಿ ಜೋಡು ಬಿಡುತ್ತ ಹೆಂಡತಿಯನ್ನು ಕರೆಯುತ್ತಿದ್ದ ಮಾತು ಅದಕ್ಕೆ ಬರುತ್ತಿತ್ತು. “ಕಿದರ್ ಹೈ ಜೀ?” ಎಲ್ಲಿದ್ದೀ ಅಂತ. ದಪ್ಪ ದನಿ, ಕೊನೆಗೆ ತುಸು ಎಳೆತ. ಅವರನ್ನು ಒಮ್ಮೆಯೂ ಕಾಣದ ನನಗೂ ಆ ದನಿ ಪರಿಚಯವಾಗಿಬಿಟ್ಟಿತ್ತು. ಈಗ ಆ ಗಿಳಿಯ ಪುಕ್ಕ ಉದುರಿತ್ತು, ನೆನೆಸಿದ ಕಡಲೆ ಬಿಟ್ಟು ಏನೂ ತಿನ್ನುತ್ತಿರಲಿಲ್ಲ. ಅದು ಸಾಯುವುದರೊಳಗೆ ಇನ್ನೊಂದು ಮರಿ ಆ ಮಾತನ್ನು ಅದೇ ದನಿಯಲ್ಲಿ ಕಲಿಯಬೇಕು ಎನ್ನುವುದು ಖಾಲಾ ಅವರ ಆಸೆ. ಕಲಿಯದಿದ್ದರೆ ಗಂಡನ ದನಿ ಭೂಮಿಯ ಮೇಲೆ ಎಲ್ಲೂ ಉಳಿಯುತ್ತಿರಲಿಲ್ಲ.

ಖಾಲಾ ಮತ್ತು ನಾನು ಬಸ್ಸು ಹತ್ತಿ ಹುಮನಾಬಾದಿನ ಸಂತೆಗೆ ಹೋಗಿ ಮರಿ ತಂದೆವು. ಮಾರಿದವನು ಹುಟ್ಟಾ ಕವುಜುಗ ಹಕ್ಕಿ ಸಾಕುವವನು, ಗಿಳಿಯವನಲ್ಲ. ಅವನ ಪಂಜರಗಳಿಗೆಲ್ಲ ಬಟ್ಟೆಯ ಗವಸು. ಗಿಲಾಫು ಅನ್ನುತ್ತಿದ್ದ ಅದಕ್ಕೆ.

“ಚಾಲೀಸ್ ದಿನ ಗಿಲಾಫ್ ತೆಗೀಬ್ಯಾಡ್ರಿ. ಮೇವು ಹಾಕುವಾಗಷ್ಟ ಎತ್ರಿ. ಕತ್ತಲಾಗ ಕುಂತರ ಚಿತ್ತ ಒಂದ ಕಡಿ ಇರ್ತದ,” ಎಂದ.

ಕವುಜುಗಕ್ಕೆ ಕೂಗು ಹುಟ್ಟಿನಿಂದಲೇ ಬಂದಿರುತ್ತದೆ ಮಾರಾಯಾ, ನೀನು ಗಿಲಾಫು ಹಾಕು, ಕಂಬಳಿ ಹಾಕು, ಅದು ಕೂಗಿಯೇ ಕೂಗುತ್ತದೆ. ಗಿಳಿ ಹಾಗಲ್ಲವಲ್ಲ, ಕಲಿಯಬೇಕಲ್ಲ ಎನ್ನಬೇಕೆಂದಿದ್ದೆ. ಆದರೆ ಖಾಲಾ ಆಗಲೇ ತಲೆಯಾಡಿಸಿಯಾಗಿತ್ತು.

“ಬಾಣಂತಿ ನಲವತ್ ದಿನ ಕೂಡ್ತಾಳ, ಫಕೀರ ನಲವತ್ ದಿನ ಕತ್ತಲ ಕೋಣ್ಯಾಗ ಚಿಲ್ಲಾ ಕೂಡ್ತಾನ. ಹಕ್ಕಿ ಯಾಕ ಕೂಡಬಾರ್ದು?” ಎಂದರು ಬಸ್ಸಿನಲ್ಲಿ.

“ಖಾಲಾ, ನಮ್ಮೂರಾಗ ಕೋಳಿ ಕೊಕ್ಕಿಲೆ ನೆಲಾ ಕುಟ್ಟಿ ಕುಟ್ಟಿ ಕರೀತದ್ರಿ. ಮರಿ ಆ ಕೊಕ್ಕೂ ನೋಡ್ತದ, ಆ ಕೂಗೂ ಕೇಳ್ತದ. ಹಂಗ ಕಾಳು ತಿನ್ನೋದು ಕಲೀತದ. ಬರೇ ಕಿವಿಲೆ ಹ್ಯಾಂಗ್ ಕಲೀಬೇಕ್ರಿ?”

“ನಿಮ್ಮೂರ ಕೋಳಿ ಮಾತಾಡ್ತಾವೇನು, ಬೇಟಿ?”

ಎಷ್ಟೋ ವರ್ಷಗಳ ನಂತರ ರೇಡಿಯೋದಲ್ಲಿ ಯಾರೋ ಓದಿದವರು, ಕಂಡದ್ದೂ ಕೇಳಿದ್ದೂ ಜೊತೆಯಾಗಿ ಬಂದರೆ ಮರಿಹಕ್ಕಿಯ ಮಿದುಳಿನಲ್ಲಿ ಪಾಠ ಗಟ್ಟಿಯಾಗಿ ಕೂರುತ್ತದೆ ಎಂದಾಗ, ಒಲೆಯ ಮುಂದೆ ಕೂತಿದ್ದ ನಾನು ರೊಟ್ಟಿ ಬಿಟ್ಟು ರೇಡಿಯೋದ ಜೊತೆಗೇ ಜಗಳ ತೆಗೆದೆ. ಆಗ ಬಂದು ಹೇಳಬೇಕಿತ್ತಲ್ಲ ಇವರು!

ಎರಡು ಪಂಜರಗಳೂ ಅಕ್ಕಪಕ್ಕ ತೂಗಿದವು. ಮುದಿ ಗಿಳಿ ದಿನಕ್ಕೆ ನಾಲ್ಕಾರು ಬಾರಿ ಕರೆಯುತ್ತಿತ್ತು, ಮರಿ ಕಪ್ಪು ಬಟ್ಟೆಯೊಳಗೆ ಕೂತಿರುತ್ತಿತ್ತು. ನಲವತ್ತು ದಿನ ತುಂಬಿತು. ಗಿಲಾಫು ತೆಗೆದರೆ ಬರೀ ಕಿರುಚಾಟ. ಇನ್ನಾದರೂ ಬುದ್ಧಿ ಬಂತೇ? ಇಲ್ಲ. ನಡುವೆ ಎಲ್ಲೋ ಬೆಳಕು ಬಿದ್ದಿರಬೇಕು ಎಂದು ಖಾಲಾ ಮತ್ತೆ ಒಂದರಿಂದ ಎಣಿಕೆ ಶುರುಮಾಡಿದರು. ನಾನು ಹಣೆ ಹಣೆ ಬಡಿದುಕೊಂಡೆ.

ಒಂದು ದಿನ ಅವರು ಮದುವೆಗೆಂದು ರಾಜೇಶ್ವರಕ್ಕೆ ಹೋದರು. ಅವರ ಟಾಂಗಾ ಓಣಿ ದಾಟಿದ್ದೇ ತಡ, ನಾನು ಗಿಲಾಫು ಕಿತ್ತೆ. ಮುದಿ ಗಿಳಿ ಕರೆಯಿತು. ಮರಿ ಪಂಜರದ ಅಂಚಿಗೆ ಸರಿದು, ಕತ್ತು ಓರೆ ಮಾಡಿ ಅದರ ಕೊಕ್ಕನ್ನೇ ನೋಡಿತು. ಅದರ ಗಂಟಲು ಸಣ್ಣಗೆ ಆಡುತ್ತಿತ್ತು. ನನಗೆ ಅಳುವೇ ಬಂತು. ಆದರೆ ಖಾಲಾ ನಾನೆಂದುಕೊಂಡಿದ್ದಕ್ಕಿಂತ ಬೇಗ ಬಂದರು.

“ಯಾರು ತೆಗೆದವರು?”

“ನಾನ ತೆಗೆದೀನ್ರಿ. ನೋಡ್ರಿ, ಅದು ಹ್ಯಾಂಗ ನೋಡಾಕತ್ತದ.”

“ಎಲ್ಲಾ ಮಣ್ಣುಪಾಲು ಮಾಡಿದಿ,” ಎಂದು ಗಿಲಾಫು ಪಂಜರದ ಮೇಲೆ ಎಳೆದರು. ಮತ್ತೆ ಒಂದರಿಂದ ಎಣಿಕೆ. ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟರು. ಐದನೆಯ ದಿನ ಬೆಳಿಗ್ಗೆ ಮುದಿ ಗಿಳಿ ಪಂಜರದ ತಳದಲ್ಲಿ ಬಿದ್ದಿತ್ತು.

ನನಗೆ ಅವರ ಮೇಲೆ ಸಿಟ್ಟು, ಆ ಕವುಜುಗದವನ ಮೇಲೆ ಸಿಟ್ಟು, ಬೈಸಿಕೊಂಡರೂ ಸರಿಯೆಂದು ದಿನಾ ಬಟ್ಟೆ ತೆಗೆಯದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಆಗಲೇ ಹೇಳಿದ್ದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಖಾಲಾ ಅವರ ಮುಖ ನೋಡಿ ನುಂಗಿಕೊಂಡೆ. ಅವರು ಮರಿಯ ಗಿಲಾಫು ಕಿತ್ತು ಮೂಲೆಗೆಸೆದರು. “ಇನ್ನ ಯಾತಕ್ಕ ಇದು,” ಎಂದರು.

ವಾರವಾಗಿರಬೇಕು. ಇಬ್ಬರೂ ಪಡಸಾಲೆಯಲ್ಲಿ ಬೇಳೆ ಆರಿಸುತ್ತಿದ್ದೆವು. ತಲೆಯ ಮೇಲಿನಿಂದ ಸ್ಪಷ್ಟವಾಗಿ ಮಾತು ಬಂತು. “ಇದರೀಚ್ ಹೂಂ ಜೀ.” ಇಲ್ಲೇ ಇದ್ದೀನಿ ಅಂತ.

ಖಾಲಾ ಮೊರ ಬಿಟ್ಟರು. “ಯಾರ ದನಿ ಇದು?”

“ನಿಮ್ಮದ ಅಲ್ಲೇನ್ರಿ, ಖಾಲಾ.”

ಆಗ ಹೊಳೆಯಿತು, ಮುದಿ ಗಿಳಿ ಕರೆದಾಗಲೆಲ್ಲ ಖಾಲಾ ಉತ್ತರ ಕೊಡುತ್ತಿದ್ದರು. ಸಂಸಾರದುದ್ದಕ್ಕೂ ಗಂಡನಿಗೆ ಕೊಟ್ಟ ಉತ್ತರವದು, ಬಾಯಿಗೆ ತಾನೇ ಬರುತ್ತಿತ್ತು. ಅವರಿಗೂ ಅರಿವಿರಲಿಲ್ಲ, ನಾನೂ ಕಿವಿಗೆ ಹಾಕಿಕೊಂಡಿರಲಿಲ್ಲ. ದಿನಾ ಮೇವಿಗಾಗಿ ಬಟ್ಟೆ ಎತ್ತುತ್ತಿದ್ದ ಆ ಒಂದು ಗಳಿಗೆಯಲ್ಲಿ ಮರಿಗೆ ಕಂಡದ್ದು ಅವರ ಮುಖ, ಆಡುತ್ತಿದ್ದ ತುಟಿ. ಕಣ್ಣೂ ಕಿವಿಯೂ ಸೇರಿ ಅದು ಕಲಿತ ಪಾಠ ಅದೊಂದೇ.

ಖಾಲಾ ಎದ್ದು ಪಂಜರದ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ದನಿ ದಪ್ಪ ಮಾಡಿ ಕೇಳಿದರು. “ಕಿದರ್ ಹೈ ಜೀ?”

ಕೊನೆಯ ಎಳೆತ ಅವರಿಗೆ ಸರಿಯಾಗಿ ಬರಲಿಲ್ಲ. ಮತ್ತೊಮ್ಮೆ ಕೇಳಿದರು.