ಬಗ್ಗಿ ನಡೆದ ಏಳು ತಿಂಗಳು

ಬಿಸಿ ಮಾಡಿದ ಹರಳೆಣ್ಣೆಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ನನ್ನ ಮೊಮ್ಮಗಳು ಕವಿತಾ ಸಂಜೆ ಎಣ್ಣೆಯ ಬಟ್ಟಲನ್ನು ಒಲೆಯ ಮೇಲಿಟ್ಟು, ಮೂಗಿಗೆ ಓಢಣಿ ಅಡ್ಡ ಹಿಡಿದುಕೊಂಡು ನಿಲ್ಲುತ್ತಾಳೆ. ನನಗಾದರೋ ಆ ವಾಸನೆ ಬಂದರೆ ಸಾಕು, ನನ್ನವರು ಯಾರೋ ಪಕ್ಕಕ್ಕೆ ಬಂದು ಕೂತ ಹಾಗಾಗುತ್ತದೆ. ಎರಡು ತಿಂಗಳಿಂದ ಬೆನ್ನು ಕೈಕೊಟ್ಟಿದೆ. ಲಿಂಗಸುಗೂರಿನ ಡಾಕ್ಟರು ನನ್ನನ್ನು ಒಂದು ಸುತ್ತು ತಿರುಗಿಸಿ ನೋಡಿ, "ಅಜ್ಜಿ, ನೀವು ಕೂಡೂದು ಸರಿಯಿಲ್ಲ, ನಿಂದ್ರೂದು ಸರಿಯಿಲ್ಲ, ಮಲಗೂದೂ ಸರಿಯಿಲ್ಲ" ಅಂದರು. ಇನ್ನು ಉಳಿದದ್ದೇನು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸೊಂಟಕ್ಕೆ ಕಟ್ಟಿಕೊಳ್ಳಲು ಅಗಲವಾದ ಪಟ್ಟಿಯೊಂದನ್ನು ಕೊಟ್ಟರು. ಅದು ಗೂಟಕ್ಕೆ ನೇತಾಡುತ್ತಿದೆ, ನಾನು ಹರಳೆಣ್ಣೆಯನ್ನೇ ನಂಬಿಕೊಂಡಿದ್ದೇನೆ.

ಇವತ್ತು ಕವಿತಾ ಎಣ್ಣೆ ಹಚ್ಚುತ್ತಿದ್ದಾಗ ಅಡುಗೆಮನೆಯಿಂದ ಅವಳ ತಾಯಿ, ಅಂದರೆ ನನ್ನ ಸೊಸೆ, ಒಂದು ಮಾತು ಅಂದಳು. ಬರುವ ಭಾನುವಾರ ಹುಡುಗಿಯನ್ನು ನೋಡಲು ಸಿಂಧನೂರಿನಿಂದ ಬರುತ್ತಾರೆ. "ಅವತ್ತ ಒಂದೀಟು ತಗ್ಗಿ ನಿಂದ್ರವ್ವಾ. ಹುಡುಗ ಭಾಳ ಎತ್ತರ ಇಲ್ಲಂತ." ಕವಿತಾ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಎತ್ತರ. ಕಾಲೇಜಿನಿಂದ ಬಸ್ಸಿಳಿದು ಬರುವಾಗ ಪುಸ್ತಕಗಳನ್ನು ಎದೆಗವಚಿಕೊಂಡು, ಹೆಗಲು ಕುಗ್ಗಿಸಿಕೊಂಡು, ದಾರಿಯಲ್ಲಿ ಏನೋ ಕಳೆದುಕೊಂಡವಳ ಹಾಗೆ ನೆಲ ನೋಡುತ್ತ ಬರುತ್ತಾಳೆ. ತಾಯಿಯ ಮಾತಿಗೆ ಅವಳು "ಹೂಂ" ಅಂದಳು. ನನ್ನ ಬೆನ್ನ ಮೇಲಿದ್ದ ಅವಳ ಕೈ ಒಂದು ಗಳಿಗೆ ನಿಂತಿತು.

ಬೆನ್ನು ಯಾಕೆ ಬಾಗುತ್ತದೆ ಎನ್ನುವುದರಲ್ಲಿ ನನಗೆ ಡಾಕ್ಟರಷ್ಟು ಓದಿಲ್ಲ, ಅನುಭವ ಮಾತ್ರ ಅವರಿಗಿಂತ ಹೆಚ್ಚು. ನಾನು ಹುಟ್ಟಿ ಬೆಳೆದದ್ದು ಲಿಂಗಸುಗೂರಿನಲ್ಲಿ, ನಿಜಾಮರ ಕಾಲದಲ್ಲಿ. ನಮ್ಮ ಓಣಿಯಲ್ಲಿ ಕಚೇರಿಯ ಗುಮಾಸ್ತರೊಬ್ಬರಿದ್ದರು. ಬೆಳಿಗ್ಗೆ ಮನೆ ಬಿಡುವಾಗ ನೆಟ್ಟಗೇ ಹೊರಡುತ್ತಿದ್ದರು. ದಿನವಿಡೀ ಮೇಲಿನವರಿಗೆ ಬಗ್ಗಿ ಬಗ್ಗಿ ಸಲಾಮು ಹೊಡೆದು, ಸಂಜೆ ತಿರುಗಿ ಬರುವಷ್ಟರಲ್ಲಿ ಎದುರಿಗೆ ಎಮ್ಮೆ ಬಂದರೂ ಅರ್ಧ ಬಾಗಿ ದಾರಿ ಬಿಡುತ್ತಿದ್ದರು. ನಮ್ಮ ಮಣ್ಣಿನ ಮಾಳಿಗೆ ಮನೆಗಳ ಬಾಗಿಲುಗಳೂ ಅಂಥವೇ, ತಲೆ ತಗ್ಗಿಸದೆ ಒಳಗೆ ಹೋದರೆ ಹಣೆ ಊದಿಕೊಳ್ಳುತ್ತಿತ್ತು. ಇನ್ನು ಹೆಣ್ಣುಮಕ್ಕಳು ಮೈನೆರೆಯುವ ಹೊತ್ತಿಗೆ ತಾವಾಗಿಯೇ ಹೆಗಲನ್ನು ಮುಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಮುದುಡುತ್ತಿದ್ದರು. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನಗೆ ಮಾತ್ರ ಹೇಳಿಕೊಟ್ಟರು. ಬಗ್ಗುವುದನ್ನು ನಾನು ಪಾಠ ಮಾಡಿಸಿಕೊಂಡು ಕಲಿತವಳು. ಗುರು ನನ್ನ ಅವ್ವ.

ಕಾರಣ ಹೀಗೆ. ನನಗೆ ಹದಿನೈದು ತುಂಬಿದಾಗ ಮೊದಲು ನೋಡಲು ಬಂದವರೂ ಸಿಂಧನೂರಿನವರೇ. ಅವಲಕ್ಕಿ ತಿಂದು, ಬಾಯಿ ಒರೆಸಿಕೊಂಡು, ಹುಡುಗನ ಸೋದರತ್ತೆ ಅಂದಳು: "ಹುಡುಗಿ ಚಲೋ ಅದಾಳ್ರೀ. ಆದ್ರ ನಮ್ಮ ಹುಡುಗ ಈಕಿ ಕೂಡ ಮಾತಾಡಬೇಕಂದ್ರ ನಿಚ್ಚಣಿಕಿ ಬೇಕಾಗತೈತಿ." ಎಲ್ಲರೂ ನಕ್ಕರು. ಹುಡುಗನೂ ನಕ್ಕ. ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಮರುದಿನವೇ ಅವ್ವ ಪಡಸಾಲೆಯ ಕಂಬಕ್ಕೆ ಸುಣ್ಣದ ಬೊಟ್ಟೊಂದನ್ನು ಇಟ್ಟಳು. ನನ್ನ ತಲೆ ಅದನ್ನು ದಾಟಕೂಡದು. "ಸೀರಿ ಒಳಗ ಮೊಳಕಾಲು ಒಂದೀಟು ಮಡಚು. ಯಾರಿಗೆ ಕಾಣತೈತಿ?" ಅಂದಳು. ಹಿತ್ತಿಲಲ್ಲಿ ಬಾವಿಯಿಂದ ಗೋಡೆಯವರೆಗೆ, ಗೋಡೆಯಿಂದ ಬಾವಿಯವರೆಗೆ ನಾನು ಮೊಳಕಾಲು ಮಡಚಿ, ಬೆನ್ನು ಬಾಗಿಸಿ ನಡೆಯುವುದನ್ನು ರೂಢಿ ಮಾಡಿದೆ. ಎಂಟು ದಿನದಲ್ಲಿ ಬೊಟ್ಟಿನ ಕೆಳಗೆ ಇಳಿದೆ. ಅವ್ವನಿಗೆ ಎಷ್ಟು ಸಂತೋಷವಾಯಿತೆಂದರೆ ಅವತ್ತು ಸಜ್ಜಕ ಮಾಡಿ ತಿನ್ನಿಸಿದಳು.

ಆಮೇಲೆ ಮಸ್ಕಿಯವರು ಬಂದರು. ತಾಯಿ, ಮಗ ಇಬ್ಬರೇ. ತಾಯಿಯ ಬೆನ್ನು ಸೊಂಟದಿಂದಲೇ ಬಾಗಿಹೋಗಿತ್ತು. ಗಂಡ ಬೇಗ ತೀರಿಕೊಂಡು, ಜೋಳದ ಹೊಲದಲ್ಲಿ ತಾವೇ ಕಳೆ ಕಿತ್ತು ಮಗನನ್ನು ಓದಿಸಿದವರು. ಮಗ ಮಸ್ಕಿಯ ಸರಕಾರಿ ಶಾಲೆಯಲ್ಲಿ ಉರ್ದು ಕಲಿಸುವ ಮೇಷ್ಟ್ರು. ತಲೆಯ ಮೇಲೆ ಗೇಣೆತ್ತರದ ಕೆಂಪು ರೂಮಿ ಟೊಪ್ಪಿಗೆ, ಅದರ ಕರಿ ಗೊಂಡೆ ಹಿಂದೆ ಅಲ್ಲಾಡುತ್ತಿತ್ತು. ಉಣ್ಣುವಾಗಲೂ ಅವರು ಟೊಪ್ಪಿಗೆ ತೆಗೆಯಲಿಲ್ಲ. ಸರಕಾರಿ ನೌಕರಿಯ ಜಂಬ ಎಂದುಕೊಂಡೆ. ನಾನು ಕಲಿತಂತೆ ನಡೆದು ಬಂದು ನಮಸ್ಕಾರ ಮಾಡಿದೆ. ಮುದುಕಿ ನನ್ನ ನಡಿಗೆಯನ್ನೇ ನೋಡಿ ಕೇಳಿದರು:

"ಕಾಲಾಗ ಏನರ ನೋವೈತೇನು ತಂಗಿ?"

"ನಾಚಿಕಿ ರೀ, ನಾಚಿಕಿ," ಅಂದಳು ಅವ್ವ ಅವಸರದಿಂದ.

ಮಾಘದಲ್ಲಿ ಮದುವೆಯಾಯಿತು. ಬಂಡಿ ಹತ್ತಿಸುವಾಗ ಅವ್ವ ಅಳುತ್ತಲೇ ನನ್ನ ಕಿವಿಯಲ್ಲಿ ಹೇಳಿದಳು: "ಮೊದಲನೇ ಕೂಸು ಆಗೂ ಮಟ ತಗ್ಗೇ ಇರು. ಆಮ್ಯಾಲೆ ಯಾರೂ ತವರಿಗೆ ಅಟ್ಟೂದಿಲ್ಲ." ಈ ಮಾತಿಗೆ ನೀವು ನಗಬಹುದು, ಈಗ ನನಗೂ ನಗು ಬರುತ್ತದೆ. ಆದರೆ ನಮ್ಮ ಓಣಿಯಲ್ಲೇ ಒಬ್ಬ ಹುಡುಗಿಯನ್ನು ಕಿವಿ ಮಂದ ಎಂದು ಮದುವೆಯಾದ ತಿಂಗಳಿಗೇ ತಂದು ಬಿಟ್ಟುಹೋಗಿದ್ದರು. ಅವಳು ಹಗಲು ಹೊತ್ತಿನಲ್ಲಿ ಅಂಗಳಕ್ಕೂ ಬರುತ್ತಿರಲಿಲ್ಲ. ಮಸ್ಕಿಯ ದಾರಿಯುದ್ದಕ್ಕೂ ನನಗೆ ಅವಳ ಮುಖವೇ ಕಾಣುತ್ತಿತ್ತು.

ಅತ್ತೆಯ ಮನೆಯಲ್ಲಿ ಬಗ್ಗಿರುವುದೇನೂ ಕಷ್ಟವಲ್ಲ. ಕಸ ಗುಡಿಸುವುದು, ಬೀಸುವುದು, ರೊಟ್ಟಿ ಬಡಿಯುವುದು, ಎಲ್ಲವೂ ಬಗ್ಗಿ ಮಾಡುವ ಕೆಲಸಗಳೇ. ಸುಮ್ಮನೆ ನಿಲ್ಲಬೇಕಾಗಿ ಬಂದಾಗ ಮಾತ್ರ ಮೊಳಕಾಲು ನಡುಗುತ್ತಿದ್ದವು. ನಮ್ಮವರು ಸಂಜೆ ಪಾಟಿಯ ಮೇಲೆ ನನಗೆ ಕನ್ನಡ ಅಕ್ಷರ ಬರೆಸುತ್ತಿದ್ದರು. ಹಗಲೆಲ್ಲ ಉರ್ದು ಕಲಿಸಿ ಬಂದವರಿಗೆ ಮನೆಯಲ್ಲಿ ಕನ್ನಡ ಬರೆಸುವ ಹುಕಿ. "ನೆಟ್ಟಗ ಕೂಡು, ಅಕ್ಷರ ಸೊಟ್ಟ ಬರಾಕತ್ತಾವ" ಅನ್ನುತ್ತಿದ್ದರು. ನಾನು ಇನ್ನಷ್ಟು ಮುದುಡುತ್ತಿದ್ದೆ. ಅವರ ತಲೆಯ ಮೇಲೆ ಆಗಲೂ ಟೊಪ್ಪಿಗೆ.

ಮೂರು ತಿಂಗಳೊಳಗೆ ಸುಳ್ಳು ಬೆನ್ನಿಗೆ ನಿಜವಾದ ನೋವು ಬಂತು. ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯುವಂತಾಯಿತು. ಅತ್ತೆ ನೋಡಿ ಗಾಬರಿಯಾದರು. "ನಾ ಅರವತ್ತಕ್ಕ ಬಗ್ಗಿದೆ. ನೀ ಹದಿನೈದಕ್ಕ ಬಗ್ಗೀದಿ. ಇದ್ಯಾಕ ಹಿಂಗವ್ವಾ?" ಅಂದರು. ಅವತ್ತಿನಿಂದ ದಿನವೂ ಸಂಜೆ ಹರಳೆಣ್ಣೆ ಬಿಸಿ ಮಾಡಿ ನನ್ನ ಬೆನ್ನಿಗೆ ತಿಕ್ಕತೊಡಗಿದರು. ಬಾಗಿದ ಬೆನ್ನಿನ ಮುದುಕಿ, ಹೊಲದ ಕೆಲಸದಿಂದ ಒರಟಾದ ಕೈ, ನಡುವೆ ನಡುವೆ ತಮ್ಮ ಸೊಂಟಕ್ಕೆ ತಾವೇ ಕೈಕೊಟ್ಟುಕೊಂಡು "ಶಿವನೇ" ಎನ್ನುತ್ತಿದ್ದರು. ಆ ಕೈ ನನ್ನ ಬೆನ್ನ ಮೇಲೆ ಓಡಾಡುವಾಗ ನಾನು ಚಾಪೆಗೆ ಮುಖ ಒತ್ತಿ ಅಳುತ್ತಿದ್ದೆ. ಅವರು ಅದನ್ನು ನೋವಿನ ಅಳು ಎಂದುಕೊಂಡು ಇನ್ನಷ್ಟು ತಿಕ್ಕುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ನಾಚಿಕೆಪಟ್ಟದ್ದು ಮತ್ತೆಂದೂ ಇಲ್ಲ.

ಎಣ್ಣೆಗೆ ನೋವು ಬಗ್ಗದಿದ್ದಾಗ ಅತ್ತೆ ಲಿಂಗಸುಗೂರಿನ ಹಕೀಮರಿಗೆ ತೋರಿಸಲು ನಿಶ್ಚಯಿಸಿದರು. ನಾಗರ ಪಂಚಮಿಗೆ ನಾಲ್ಕು ದಿನವಿತ್ತು. ಹಕೀಮರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸುತ್ತಾರೆ, ಮೊಳಕಾಲು ಒತ್ತಿ ನೋಡುತ್ತಾರೆ, ಅಲ್ಲಿಗೆ ನನ್ನ ಕಥೆ ಮುಗಿಯಿತು. ತವರೂರಿನಲ್ಲೇ ನನ್ನನ್ನು ಇಳಿಸಿ ಬರುತ್ತಾರೆ ಎಂದು ನಾನು ಲೆಕ್ಕ ಹಾಕಿದೆ. ಹೊರಡುವ ಬೆಳಿಗ್ಗೆ ಬಂಡಿ ಬಾಗಿಲಿಗೆ ಬಂದು ನಿಂತಿತ್ತು. ಅತ್ತೆ ಬುತ್ತಿ ಕಟ್ಟುತ್ತಿದ್ದರು. ಅಡುಗೆಮನೆಯ ತೊಲೆಗೆ ಕಟ್ಟಿದ ನೆಲುವಿನಲ್ಲಿ ಬೆಣ್ಣೆಯ ಗಡಿಗೆ ತೂಗುತ್ತಿತ್ತು. ಎಲ್ಲಿತ್ತೋ ಬೆಕ್ಕು, ಮಾಡಿನಿಂದ ಅದರ ಮೇಲೆ ಹಾರಿತು. ಹಗ್ಗದ ಒಂದು ಎಳೆ ಕಿತ್ತು ಗಡಿಗೆ ವಾಲಿತು. ನಾನು ಎಲ್ಲ ಪಾಠವನ್ನೂ ಮರೆತು, ಎದ್ದು ನೆಟ್ಟಗೆ ನಿಂತು, ಎರಡೂ ಕೈಯಲ್ಲಿ ಗಡಿಗೆಯನ್ನು ಮೇಲೆಯೇ ಹಿಡಿದೆ.

ಬೆಕ್ಕು ಓಡಿತು. ನಾನು ಮೊಳಕಾಲು ಮಡಚಲು ಹೋದೆ.

"ಹಂಗ ನಿಂದ್ರು," ಅಂದರು ಅತ್ತೆ.

ನಿಂತೆ. ಅವರು ಬುತ್ತಿಯ ಗಂಟು ಕೆಳಗಿಟ್ಟು ನನ್ನ ಸುತ್ತ ಒಂದು ಸುತ್ತು ಬಂದರು. ಸೀರೆಯ ಮೇಲಿಂದ ನನ್ನ ಮೊಳಕಾಲನ್ನು ಮುಟ್ಟಿ, ಒತ್ತಿ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು, ಕಷ್ಟಪಟ್ಟು ಕತ್ತೆತ್ತಿ ನನ್ನ ಮುಖ ನೋಡಿದರು. ನನಗೆ ತಡೆಯಲಾಗಲಿಲ್ಲ. ಗಡಿಗೆಯನ್ನು ಹಿಡಿದುಕೊಂಡೇ ಸುಣ್ಣದ ಬೊಟ್ಟಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. "ತವರಿಗೆ ಕಳಿಸಬ್ಯಾಡ್ರಿ ಅತ್ತಿ, ನಿಮ್ಮ ಕಾಲಿಗೆ ಬೀಳತೀನಿ" ಅಂದೆ. ಬೀಳಬೇಕೆಂದರೆ ಗಡಿಗೆ ಅಡ್ಡ ಇತ್ತು.

ಅವರಿಗೆ ಮೊದಲು ಬಂದದ್ದು ಸಿಟ್ಟು. "ಮೂರು ತಿಂಗಳು ಎಣ್ಣಿ ತಿಕ್ಕೀನಲ್ಲೇ ನಿನಗ! ಎಣ್ಣಿ ಗಡಿಗಿ ತಳಾ ಕಂಡೈತಿ!" ಅಂದರು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತು ನಗತೊಡಗಿದರು. ಕಣ್ಣೊರೆಸಿಕೊಂಡು ಹೇಳಿದರು:

"ನಿನ್ನ ನೋಡಿ ಬರಬೇಕಾದ್ರ ಬಂಡ್ಯಾಗ ಏನಂದೆ ಗೊತ್ತೈತೇನು? ಹುಡುಗಿ ಎಲ್ಲಾ ಚಲೋ, ಒಂದೀಟು ಎತ್ತರ ಇದ್ದಿದ್ರ ಅಂದೆ. ನನ ಮಗ ಗಿಡ್ಡ. ಮೊಮ್ಮಕ್ಕಳರ ಉದ್ದ ಆಗಲಿ ಅಂತ ನನಗಿತ್ತು. ಹೆಣ್ಣಿನವರು ಗಿಡ್ಡ ಅಂದಾರು ಅಂತ ಅವಗ ಟೊಪ್ಪಿಗಿ ತಗೀಬ್ಯಾಡ ಅಂತ ನಾನ ಹೇಳಿದ್ದೆ. ಅಂವ ಇನ್ನೂ ತಗದಿಲ್ಲ!"

ಹೊರಗೆ ಬಂಡಿಯವನು ಕೂಗಿದ. ಅತ್ತೆ ಕೂತಲ್ಲಿಂದಲೇ "ಎತ್ತು ಬಿಚ್ಚಪ್ಪೋ, ಸೊಸಿ ಆರಾಮಾಗ್ಯಾಳ" ಎಂದು ಕೂಗಿ ಹೇಳಿದರು. ನಂತರ ನನ್ನ ಕಡೆ ತಿರುಗಿ ಅಂದರು: "ನೆಲಾ ನೋಡಿ ನೋಡಿ ನನಗ ಬ್ಯಾಸರಾಗೈತಿ. ಮನ್ಯಾಗ ಒಬ್ಬರರ ಮ್ಯಾಲೆ ನೋಡವರು ಇರಲಿ. ಇನ್ನ ಬಗ್ಗಿದಿ ಅಂದ್ರ ಮಾತ್ರ ಖರೇನ ಅಟ್ಟತೀನಿ."

ಸಂಜೆ ನಮ್ಮವರು ಬಂದಾಗ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಅತ್ತೆ ವಿಷಯ ಹೇಳಿದರು. ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ, ಬೆವೆತ ಕೂದಲಲ್ಲಿ ಕೈಯಾಡಿಸಿಕೊಂಡು, "ಅಬ್ಬಾ, ತಲಿ ತಂಪಾತು" ಅಂದರು. ಆಮೇಲೆ ಅವರು ಮನೆಯೊಳಗೆ ಟೊಪ್ಪಿಗೆ ಹಾಕಲಿಲ್ಲ. ನನ್ನ ಕಿವಿಯವರೆಗೆ ಬರುತ್ತಿದ್ದರು. ಅವರ ಜೊತೆ ನಾನು ಬಾಳಿದ ವರ್ಷಗಳಲ್ಲಿ ಮಾತಾಡಲು ನಿಚ್ಚಣಿಕೆ ಒಂದು ದಿನವೂ ಬೇಕಾಗಲಿಲ್ಲ.

ಪಂಚಮಿಗೆ ಮಗಳನ್ನು ಕರೆಯಲು ತವರಿನವರು ಬರುವುದು ರೂಢಿ. ಅತ್ತೆ ತಾವೇ ನನ್ನನ್ನು ಕರೆದುಕೊಂಡು ಹೊರಟರು. ಲಿಂಗಸುಗೂರಿನಲ್ಲಿ ನಾನು ಬಂಡಿಯಿಳಿದು ನೆಟ್ಟಗೆ ನಡೆದು ಬರುವುದನ್ನು ನೋಡಿದ ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡುಬಿಟ್ಟಳು. "ಅಟ್ಟಿಬಿಟ್ರೇನವ್ವಾ?" ಎಂದಳು. ಮುಖ ಬಿಳುಚಿಕೊಂಡಿತ್ತು. ಅವಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನನ್ನನ್ನು ಬಗ್ಗಿಸಿದ ಆ ಏಳು ತಿಂಗಳೂ ಅವಳೂ ಹೆದರಿಕೆಯಲ್ಲಿ ಕುಗ್ಗಿಯೇ ಇದ್ದಳಲ್ಲ. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು: "ಏನ ಬೀಗತಿ, ಮಗಳನ್ನ ಅರ್ಧಾನ ಕೊಟ್ಟು ಕಳಿಸೀದಿ. ಉಳಿದರ್ಧಾ ನಾನ ಹುಡಿಕ್ಕೊಂಡೀನಿ, ನೋಡು ಬಾ." ಅವ್ವ ಅತ್ತಳು, ನಕ್ಕಳು, ಕೊನೆಗೆ ಸೆರಗಿನಿಂದ ಕಂಬದ ಸುಣ್ಣದ ಬೊಟ್ಟನ್ನು ಒರೆಸಿ ತೆಗೆದಳು.

ಒಂದು ಮಾತು ಹೇಳಬೇಕು. ಬಗ್ಗಲು ನನಗೆ ಎಂಟು ದಿನ ಸಾಕಾಗಿತ್ತು, ನೆಟ್ಟಗಾಗಲು ವರ್ಷ ಹಿಡಿಯಿತು. ಯಾರಾದರೂ ಗಂಡಸರು ಬಂದರೆ, ಹೊಸಬರು ಕಂಡರೆ, ಮೊಳಕಾಲು ತಾನೇ ಮಡಚಿಕೊಳ್ಳುತ್ತಿತ್ತು. ಅತ್ತೆ ತಮ್ಮ ಊರುಗೋಲಿನಿಂದ ನನ್ನ ಬೆನ್ನಿಗೆ ಮೆತ್ತಗೆ ತಟ್ಟುತ್ತಿದ್ದರು. ಎಣ್ಣೆ ತಿಕ್ಕುವುದನ್ನೂ ಬಿಡಲಿಲ್ಲ, ನೋವು ನಿಜವಾದದ್ದೇ ತಾನೇ ಅಂದರು. ತಾಯಿ ಹೆತ್ತಳು, ಅತ್ತೆ ಎತ್ತಿ ನಿಲ್ಲಿಸಿದರು. ಅವರಿಗೆ ಇದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಈಗ ನನ್ನ ಬೆನ್ನೂ ಅವರದರಂತೆಯೇ ಬಾಗಿದೆ. ಇದು ವಯಸ್ಸಿನದು, ಇದರಲ್ಲಿ ಮೋಸವಿಲ್ಲ. ಕವಿತಾ ಎಣ್ಣೆ ಹಚ್ಚಿ ಮುಗಿಸಿ, ಬಾಟಲಿ ಹಿಡಿದುಕೊಂಡು ಎದ್ದಳು. ಅದನ್ನು ಇಡುವ ಹಲಗೆ ಎತ್ತರದಲ್ಲಿದೆ, ನಾನೇ ಒಂದು ಕಾಲದಲ್ಲಿ ಅಷ್ಟು ಮೇಲೆ ಹೊಡೆಸಿದ್ದು. ಅವಳು ಹಿಮ್ಮಡಿಯನ್ನೂ ಎತ್ತದೆ ಕೈ ಚಾಚಿ ಬಾಟಲಿಯನ್ನು ಇಟ್ಟಳು. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಹಂಗ ನಿಂದ್ರು," ಅಂದೆ.

"ಯಾಕಜ್ಜಿ?"

"ಭಾನುವಾರನೂ ಹಂಗ ನಿಂದ್ರಬೇಕು."

ಸೊಸೆ ಮೆಲ್ಲಗೆ ಅಂದಳು, "ಅತ್ತಿ, ಅವರು ಬ್ಯಾಡ ಅಂದುಬಿಟ್ರ?"

"ಚಾ ಕುಡದು ಹೋಗಲಿ."

ಕವಿತಾ ನಕ್ಕಳು. ಆ ನಗುವನ್ನು ನೋಡಬೇಕೆಂದರೆ ನಾನು ಕತ್ತೆತ್ತಬೇಕು. ಗೋಡೆ ಹಿಡಿದುಕೊಂಡು ಎತ್ತಿದೆ. ಬೆನ್ನಿನಿಂದ ಕತ್ತಿನವರೆಗೆ ಚಳಕ್ಕೆಂದಿತು, ಕಣ್ಣಲ್ಲಿ ನೀರು ಬಂತು. ಅವತ್ತು ನನ್ನ ಮುಖ ನೋಡಲು ಅತ್ತೆ ಎಷ್ಟು ನೋವು ತಿಂದಿದ್ದರೆಂದು ನನಗೆ ಗೊತ್ತಾದದ್ದು ಇವತ್ತು.