ಹೊಗೆಸೊಪ್ಪಿನ ಬ್ಯಾರನ್ ಹಿಂದೆ ನಿಂತಿದ್ದ ವ್ಯಾನು

"ಎರಡ್ನೇ ಗೇರ್‌ಗೆ ಹಾಕಿ ಮಾವ. ಕ್ಲಚ್ ಒತ್ತಿ ಹಿಡ್ಕೊಳ್ಳಿ. ಹಿಂದಿಂದ ತಳ್ಳೋಕೆ ಯಾರವ್ರೆ?"

ನಾನು ಹೀಗೆ ಫೋನಿನಲ್ಲಿ ಕೂಗುವಾಗ ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಇತ್ತು. ಮುಂದೆ ಒಂದು ಬಿಳಿ ಕಾರು. ಬೆಳಿಗ್ಗೆ ತಾನೇ ಓಡಿಕೊಂಡು ನಮ್ಮ ಯಾರ್ಡಿಗೆ ಬಂದಿತ್ತು, ಇಂಜಿನ್ ಚೆನ್ನಾಗಿತ್ತು. ಅದನ್ನು ಬಿಚ್ಚಿ ಹಾಕುವುದು ನನ್ನ ಕೆಲಸ. ಸಿಂಗಾಪುರದಲ್ಲಿ ಓಡುವ ಕಾರನ್ನು ಬಿಚ್ಚುತ್ತಾ, ವೀರನಹೊಸಹಳ್ಳಿಯಲ್ಲಿ ಓಡದ ವ್ಯಾನನ್ನು ಓಡಿಸಲು ನೋಡುತ್ತಿದ್ದೆ. ಆ ವ್ಯಾನಿನ ಪಕ್ಕದಲ್ಲಿ ನನ್ನ ಹೆಂಡತಿ ಸವಿತ ಹೆರಿಗೆ ನೋವಿನಲ್ಲಿ ನಿಂತಿದ್ದಳು.

ನಾನು ಹುಣಸೂರಿನ ಗ್ಯಾರೇಜಿನಲ್ಲಿ ಕೆಲಸ ಕಲಿತವನು. ಶಾಲೆಯಲ್ಲಿ ಕಲಿತದ್ದು ಕಡಿಮೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಇಲ್ಲಿ ಯಾರ್ಡಿಗೆ ಬಂದ ಮೊದಲ ದಿನ ಕಾರು ಕದಿಯುವವರ ಕೈಗೆ ಸಿಕ್ಕಿಬಿದ್ದೆ ಅಂದುಕೊಂಡೆ. ಗೀರು ಕೂಡ ಇಲ್ಲದ ಕಾರನ್ನು ಯಾರು ಬಿಚ್ಚಿಸುತ್ತಾರೆ? ನಾನು ಬಾನೆಟ್ಟಿಗೆ ಕೈ ಮುಗಿದು ಕೆಲಸ ಶುರು ಮಾಡಿದೆ. ನಮ್ಮ ಮೇಸ್ತ್ರಿ ಶೇಖರಣ್ಣ ಹೊಸೂರು ಕಡೆಯ ತಮಿಳರು, ಸ್ವಲ್ಪ ಕನ್ನಡ ಬರುತ್ತದೆ. "ಏನಪ್ಪಾ, ಸಾಯೋ ಕಾರಿಗೆ ಆಯುಧಪೂಜೆನಾ?" ಅಂತ ನಕ್ಕು, ಆಮೇಲೆ ವಿಷಯ ಹೇಳಿದರು.

ಈ ದೇಶದಲ್ಲಿ ಕಾರು ಕೊಳ್ಳುವುದಕ್ಕೆ ಮುಂಚೆ ಕಾರು ಇಟ್ಟುಕೊಳ್ಳುವ ಹಕ್ಕನ್ನು ಕೊಳ್ಳಬೇಕು. ಅದಕ್ಕೆ ಸಿಒಇ ಅನ್ನುತ್ತಾರೆ. ಸರ್ಕಾರವೇ ಅದನ್ನು ಹರಾಜು ಹಾಕುತ್ತದೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ನೋಡಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಬೇಲು, ಅಂದರೆ ಸೊಪ್ಪಿನ ಕಟ್ಟು, ಕಣ್ಣಿಗೆ ಕಾಣುತ್ತದೆ, ಮೂಗಿಗೂ ಗೊತ್ತಾಗುತ್ತದೆ. ಇಲ್ಲಿ ಬರೀ ಹಕ್ಕು. ಅದು ಕೆಲವು ಸಲ ಕಾರಿಗಿಂತ ದುಬಾರಿ. ಹತ್ತು ವರ್ಷಕ್ಕೆ ಮುಗಿಯುತ್ತದೆ. ಮತ್ತೆ ದುಡ್ಡು ಕಟ್ಟಲು ಮನಸ್ಸಿಲ್ಲದವರ ಕಾರು ನಮ್ಮ ಹತ್ತಿರ ಬರುತ್ತದೆ. ಜನ ಕಾರು ಇಟ್ಟುಕೊಳ್ಳಬಾರದು ಅನ್ನುವುದೇ ಸರ್ಕಾರದ ಆಸೆ.

ಮೊದಲು ಸಿಟ್ಟು ಬಂತು. ಆಮೇಲೆ ಬಸ್ಸು ಹತ್ತಿದೆ.

ಬಂದ ಮೇಲಿನ ಮೊದಲ ಭಾನುವಾರ ಅದು, ಸ್ಟಾಪಿನಲ್ಲಿ ಜನ ಇದ್ದರು. ಬಸ್ಸು ಬಂತು. ನಾನು ಹುಣಸೂರು ಸ್ಟ್ಯಾಂಡಿನಲ್ಲಿ ಮಾಡುವಂತೆ ಸೀಟು ಹಿಡಿಯಲು ಕಿಟಕಿಗೆ ಟವೆಲ್ ಎಸೆದೆ. ಇಲ್ಲಿನ ಬಸ್ಸಿನ ಕಿಟಕಿ ತೆಗೆಯುವುದಿಲ್ಲ. ಟವೆಲ್ ಗಾಜಿಗೆ ಬಡಿದು ಕೆಳಗೆ ಬಿತ್ತು. ಒಬ್ಬ ಚೀನೀ ಮುದುಕಿ ಎತ್ತಿ ಕೊಟ್ಟು ಏನೋ ಅಂದಳು, ಕೊನೆಯಲ್ಲಿ "ಲಾ" ಇತ್ತು. ನಮ್ಮ ಕಡೆಯವರ ಹಾಗೆ ಇಲ್ಲಿಯವರೂ ಮಾತಿಗೆ ಲಾ ಸೇರಿಸುತ್ತಾರೆ. ಆವತ್ತು ಅದೊಂದೇ ನನಗೆ ತಿಳಿದ ಮಾತು. ಒಳಗೆ ಹೋದರೆ ಸೀಟುಗಳು ಖಾಲಿ ಇದ್ದವು. ಆ ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಇನ್ನೊಂದು ಬರುತ್ತದೆ. ಹೀಗಿದ್ದರೆ ಕಾರು ಯಾಕೆ ಬೇಕು ಅಂತ ನನಗೇ ಅನ್ನಿಸಿತು.

ಉಳಿದದ್ದು ಅಷ್ಟು ಸಲೀಸಲ್ಲ. ನಾವಿರುವುದು ಡಾರ್ಮ್‌ನಲ್ಲಿ, ಅಂದರೆ ಕೂಲಿಯವರ ಹಾಸ್ಟೆಲು. ರಾಗಿ ಹಿಟ್ಟು ಸಿಗುತ್ತದೆ. ಆದರೆ ಒಲೆಗೆ ಕ್ಯೂ ಇರುತ್ತದೆ. ಮುದ್ದೆ ತಿರುವುವಷ್ಟರಲ್ಲಿ ಹಿಂದಿನವರು ಬಂಗಾಳಿಯಲ್ಲಿ ಬೈಯುತ್ತಾರೆ. ಅನ್ನ ತಿಂದು ಮಲಗುತ್ತೇನೆ.

ಹೋದ ತಿಂಗಳು ಮಾವ ಫೋನ್ ಮಾಡಿದರು. ಅವರು ನನ್ನ ಅವ್ವನ ತಮ್ಮ, ಈಗ ಹೆಂಡತಿಯ ಅಪ್ಪ. ಚೊಚ್ಚಲ ಹೆರಿಗೆ ಅಂತ ಸವಿತ ಅಲ್ಲಿಗೆ ಹೋಗಿದ್ದಳು.

"ಲೋ, ವ್ಯಾನ್‌ಗೆ ಅದಿನೈದು ವರ್ಸ ತುಂಬ್ತು ಕಣ್ಲಾ. ಇನ್ನು ಓಡಿಸ್ಬೇಕಂದ್ರೆ ಫಿಟ್‌ನೆಸ್ಸು, ಟ್ಯಾಕ್ಸು, ನೂರೆಂಟು. ಗುಜ್ರಿಗೆ ಆಕ್ಬುಡ್ತೀನಿ."

"ಹೆರಿಗೆ ಆಗೋವರ್ಗೂ ಇಟ್ಕೊಳ್ಳಿ ಮಾವ."

"ಅಲ್ಲಿ ಹೊಸ ಹೊಸ ಕಾರೆಲ್ಲ ಬಿಚ್ಚಾಕ್ತೀಯ, ನನ್ ಡಕೋಟ ಗಾಡಿಗೆ ಅಳ್ತೀಯಲ್ಲೋ."

"ಇಲ್ಲಿ ಬಸ್ಸವೆ. ನಮ್ಮಲ್ಲಿ ಸಂಜೆ ಬಸ್ಸು ಹೋದ್ಮೇಲೆ ರೋಡಲ್ಲಿ ಆನೆ ಬಿಟ್ರೆ ಇನ್ಯಾರವ್ರೆ?"

ಸವಿತ ಫೋನ್ ಕಿತ್ತುಕೊಂಡಳು. "ಅಪ್ಪಯ್ಯ, ಇವ್ನಂತೂ ಇಲ್ಲ. ಗಾಡಿಯಾದ್ರೂ ಇರ್ಲಿ ಬುಡು" ಅಂದಳು. ಅವಳು ಹೇಳಿದ್ದು ಅಪ್ಪನಿಗೆ. ನಾನೂ ಕೇಳಿಸಿಕೊಂಡೆ.

ಮಾವ ವ್ಯಾನನ್ನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹಿಂದೆ ನಿಲ್ಲಿಸಿ ಟಾರ್ಪಾಲು ಹೊದಿಸಿದರು. ದಿನಾ ಒಂದು ಸಲ ಸ್ಟಾರ್ಟ್ ಮಾಡಿ, ಬ್ಯಾಟರಿ ಇಳಿಯುತ್ತದೆ ಅಂತ ಹೇಳಿದ್ದೆ. ಹೂಂ ಅಂದಿದ್ದರು, ಮಾಡಿರಲಿಲ್ಲ. ಇವತ್ತು ಕೇಳಿದರೆ, "ಸದ್ದು ಕೇಳುದ್ರೆ ಊರೋರೆಲ್ಲ ಸಂತೆಗ್ ಕರ್ಕೊಂಡೋಗು ಅಂತಾರಲ್ಲ, ಅದಕ್ಕೆ" ಅಂದರು. ಆಂಬ್ಯುಲೆನ್ಸಿಗೆ ಹೇಳಿದ್ದರು, ದೂರ ಇದೆಯಂತೆ, ತಡವಾಗುತ್ತದಂತೆ. ವ್ಯಾನಿನ ಬ್ಯಾಟರಿ ಸತ್ತಿತ್ತು. ನನ್ನ ಕಾಲ ಬಳಿ ಬಿಚ್ಚಿಟ್ಟ ಬ್ಯಾಟರಿಗಳು ಸಾಲಾಗಿ ಇದ್ದವು, ಎಲ್ಲ ಚೆನ್ನಾಗಿರುವವೇ.

"ತಳ್ಳೋಕೆ ಜನ ಬಂದವ್ರೆ. ನಮ್ ಬೀದಿಯೋರೆಲ್ಲ ಅವ್ರೆ" ಅಂದರು ಮಾವ.

"ಸವಿತನ್ನ ಒಳಗೆ ಕೂರ್ಸಿ. ಇಳಿಜಾರಿಗೆ ತಳ್ಳಿಸಿ. ಓಟ ಬಂದ್ಮೇಲೆ ಒಂದೇ ಸಲ ಕ್ಲಚ್ ಬುಡಿ."

ಚಪ್ಪಲಿಗಳ ಸದ್ದು ಕೇಳಿತು. ಯಾರೋ "ಐಸಾ" ಅಂದರು. ವ್ಯಾನು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು, ಹಿಡಿಯಿತು. ಸವಿತ ಅವ್ವಾ ಅಂದಳು. ಲೈನು ಹೋಯಿತು. ಕಾಡಂಚಿನ ಆ ದಾರಿಯಲ್ಲಿ ಸಿಗ್ನಲ್ ಇಲ್ಲ.

ಶೇಖರಣ್ಣ ಸ್ಪ್ಯಾನರ್ ಇಸಿದುಕೊಂಡು, "ಹೋಗು, ಈ ಕಾರು ಎಲ್ಲೂ ಹೋಗಲ್ಲ" ಅಂದರು.

ಬಸ್ ಸ್ಟಾಪಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ವ್ಯಾನು ಹುಣಸೂರಿನ ಆಸ್ಪತ್ರೆ ತಲುಪುವಷ್ಟು ಹೊತ್ತಾಗಿದೆ. ಇಷ್ಟು ದಿನ ಈ ಊರಿನ ಬಸ್ಸನ್ನು ಹೊಗಳಿದವನು ನಾನೇ. ಬಸ್ಸುಗಳು ಹೇಳಿದ ಹೊತ್ತಿಗೆ ಬರುತ್ತಲೇ ಇವೆ. ಡ್ರೈವರುಗಳು ಬಾಗಿಲು ತೆಗೆಯುತ್ತಾರೆ, ನನ್ನನ್ನು ನೋಡುತ್ತಾರೆ, ಮುಚ್ಚಿಕೊಂಡು ಹೋಗುತ್ತಾರೆ. ಸೀಟು ಖಾಲಿ ಇವೆ. ಒಂದೂ ಹುಣಸೂರಿಗೆ ಹೋಗುವುದಿಲ್ಲ.

ಫೋನ್ ಬಂದಿಲ್ಲ. ಇನ್ನು ಹೇಳುವುದಕ್ಕೆ ಏನೂ ಇಲ್ಲ.