ಮೂರನೇ ಬೆಳಗ್ಗೆ ಬರಿಗೈಯಲ್ಲಿ ಬರುವ ರುದ್ರಾಣಮ್ಮ

ಬಾಳೂರು ಕಡೆಯ ಈ ಕಾಫಿ ಎಸ್ಟೇಟಿನಲ್ಲಿ ಕೂಲಿಯವರ ಹಾಜರಿಗೆ ಕರೆಯುವ ಮಸ್ಟರಿನ ಗಂಟೆ ಇನ್ನೂ ಹೊಡೆದಿಲ್ಲ. ಸಿಲ್ವರ್ ಮರಗಳ ಸಂದಿನಲ್ಲಿ ಮಂಜು ಹಾಗೇ ನಿಂತಿದೆ. ತಲೆಗೆ ಮಫ್ಲರ್ ಸುತ್ತಿ, ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡ ರುದ್ರಾಣಮ್ಮ ಡಿಸ್ಪೆನ್ಸರಿಯ ಬಾಗಿಲು ಎಳೆದುಕೊಂಡು, ಕೂಲಿಯವರ ಸಾಲು ಮನೆಗಳಿರುವ ಲೈನಿನ ಕಡೆ ಹೊರಡುತ್ತಾರೆ. ಕೈಯಲ್ಲಿ ಒಂದು ಬ್ಯಾಟರಿ ಬಿಟ್ಟರೆ ಏನೂ ಇಲ್ಲ. ಔಷಧಿಯ ಚೀಲ ಒಳಗೆ ಮೊಳೆಗೆ ನೇತಾಡುತ್ತಿದೆ.

ದಾರಿಯಲ್ಲಿ ಸಿಕ್ಕ ಮೇಸ್ತ್ರಿ ಗುರುವಯ್ಯ ಕೇಳುತ್ತಾರೆ, "ಎಂತ ನರ್ಸಮ್ಮ, ಚೀಲ ಮರೆತ್ರಾ?"

"ಮರೆತಿಲ್ಲ ಮಾರಾಯ. ಇವತ್ತು ಕಿವಿ ಒಂದಿದ್ರೆ ಸಾಕು."

ನಗುತ್ತಲೇ ಹೇಳಿದರೂ ರುದ್ರಾಣಮ್ಮನ ಹೆಜ್ಜೆಯಲ್ಲಿ ನಗು ಇಲ್ಲ. ಲೈನಿನ ಕೊನೆಯ ಮನೆಯಲ್ಲಿ ಅಂಜನಮ್ಮನ ಮಗಳು ರೇವತಿ ಇದ್ದಾಳೆ. ಆರು ವರ್ಷದ ಹುಡುಗಿ. ಮೊನ್ನೆ ಉಬ್ಬಸ ಹೆಚ್ಚಾಗಿ, ಮಾತಾಡಲೂ ಆಗದೆ, ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದ ಮಗುವನ್ನು ಜೀಪಿನಲ್ಲಿ ಬಣಕಲ್‌ಗೆ, ಡಾಕ್ಟರ್ ಪ್ರೇಮಕುಮಾರಿಯವರ ಕ್ಲಿನಿಕ್ಕಿಗೆ ಕರೆದೊಯ್ದಿದ್ದರು. ಅಲ್ಲಿ ಮಾಸ್ಕ್ ಹಾಕಿ ಹಬೆಯಂಥ ಮದ್ದು ಕೊಟ್ಟ ಮೇಲೆ ಉಸಿರಿನ ದಾರಿ ಬಿಟ್ಟುಕೊಂಡಿತು. ಆ ದಾರಿಯ ಒಳಗಿನ ಬಾವು ಇಳಿಯಲು ಬಾಯಿಗೆ ಸ್ಟೀರಾಯ್ಡ್. ಹಿಂದಿನಿಂದ ಕೊಡುತ್ತಿದ್ದ ಹಳೆಯ ಮಾತ್ರೆಯಾದರೆ ಐದು ದಿನ ನುಂಗಬೇಕು. ಈ ಸಲ ಡಾಕ್ಟರು ಕೊಟ್ಟದ್ದು ಎರಡೇ ದಿನದ್ದು. ಎರಡೂ ಮುಗಿದು ಇವತ್ತು ಮೂರನೇ ಬೆಳಗ್ಗೆ. ಕಳೆದ ವರ್ಷದ ಕುಯ್ಲಿನಲ್ಲಿ ರೇವತಿಯ ಉಬ್ಬಸ ಮರಳಿ ಬಂದಿದ್ದೂ ಮೂರನೇ ದಿನವೇ.

ಅವತ್ತು ಆದದ್ದನ್ನು ಲೈನಿನಲ್ಲಿ ಈಗಲೂ ಅರ್ಧ ನಗುತ್ತಾ, ಅರ್ಧ ನಾಚುತ್ತಾ ಹೇಳುತ್ತಾರೆ. ಇಲ್ಲಿ ಉಪ್ಪು, ಒಣಮೆಣಸು, ಒಲೆಗೆ ಕೆಂಡ, ಯಾವುದು ಕಡಿಮೆ ಬಿದ್ದರೂ ಪಕ್ಕದ ಮನೆಯಿಂದ ಕೈಗಡ ತರುವುದು ರೂಢಿ. ಮಾತ್ರೆಯೂ ಹಾಗೇ. ಐದು ದಿನದ ಪೊಟ್ಟಣದಲ್ಲಿ ಎರಡು ದಿನದ್ದು ಕೊಟ್ಟಾಗಲೇ ರೇವತಿ ಅಂಗಳದಲ್ಲಿ ಕುಂಟೆಬಿಲ್ಲೆ ಆಡತೊಡಗಿದಳು. ಪಕ್ಕದ ಮನೆಯ ವಸಂತಮ್ಮ ಮಂಡಿ ಊದಿ, ಕುಯ್ಲಿಗೆ ಹೋಗಲಾಗದೆ ಕೂತಿದ್ದರು. ಆ ಕಹಿ ಮಾತ್ರೆ ಮಂಡಿಗೂ ಆಗುತ್ತದೆ ಅಂತ ಯಾರೋ ಹೇಳಿದ್ದರು. ಅಂಜನಮ್ಮ ಉಳಿದದ್ದನ್ನೆಲ್ಲ ಎತ್ತಿ ಕೊಟ್ಟುಬಿಟ್ಟಳು. ಮಾರನೇ ದಿನ ವಸಂತಮ್ಮ ಸೊಂಟಕ್ಕೆ ಗೋಣಿ ಕಟ್ಟಿಕೊಂಡು ಗುಡ್ಡ ಹತ್ತಿದರು. ಸಂಜೆ ಅಂಜನಮ್ಮ ಕೊಯ್ದ ಕಾಫಿ ಹಣ್ಣು ಅಳೆಸಿ ಮನೆಗೆ ಬಂದರೆ ರೇವತಿ ಗೋಡೆ ಹಿಡಿದುಕೊಂಡು ಉಸಿರಿಗೆ ಬಾಯಿ ಬಿಡುತ್ತಿದ್ದಳು. ಆ ಸಲ ಮೂಡಿಗೆರೆಯ ಆಸ್ಪತ್ರೆಯಲ್ಲಿ ವಾರ ಮಲಗಿಸಬೇಕಾಯಿತು.

"ನಾನು ಬೈದೆ. ಬಾಯಿಗೆ ಬಂದ ಹಾಗೆ ಬೈದೆ," ಎನ್ನುತ್ತಾರೆ ರುದ್ರಾಣಮ್ಮ. "ಆಮೇಲೆ ಯೋಚನೆ ಮಾಡಿದ್ರೆ, ಅವಳು ಮಾಡಿದ್ದು ಎಂತ? ಪಕ್ಕದವರ ಕಷ್ಟ ನೋಡಿ ಕೊಟ್ಳು. ಮಗು ಆಡ್ತಾ ಇತ್ತು. ಆಡೋ ಮಗುಗೆ ಕಹಿ ತಿನ್ಸೋಕೆ ಯಾವ ತಾಯಿಗೆ ಮನಸ್ಸು ಬರ್ತದೆ?"

ಅಂದಿನಿಂದ ಪೊಟ್ಟಣ ಕೊಡುವುದನ್ನೇ ನಿಲ್ಲಿಸಿದರು. ಉಬ್ಬಸದ ಮಗು ಇರುವ ಮನೆಗೆ ಐದೂ ಬೆಳಗ್ಗೆ ತಾವೇ ನಡೆದು ಹೋಗಿ, ಕಣ್ಣೆದುರಿಗೆ ನುಂಗಿಸಿ ಬರುವುದು. ತಾಯಂದಿರು ಮಸ್ಟರಿಗೆ ಹೋಗುವ ಮುಂಚೆ ಹೋಗಬೇಕು. ಹಾಗಾಗಿ ಈ ಕತ್ತಲೆಯ ನಡಿಗೆ. ಕುಯ್ಲಿನ ಕಾಲದಲ್ಲಿ ಒಲೆಯ ಹೊಗೆ, ಚಳಿ, ಮಂಜು ಎಲ್ಲ ಸೇರಿ ಒಂದೊಂದು ವಾರ ಎರಡು ಮೂರು ಲೈನಿನಲ್ಲಿ ಮಕ್ಕಳು ಮಲಗುತ್ತವೆ. ಅವರೆಲ್ಲರನ್ನೂ ಮುಟ್ಟಿ ಬರಬೇಕಾದರೆ ಒಂದು ಗುಡ್ಡ ಇಳಿದು ಇನ್ನೊಂದು ಹತ್ತಬೇಕು.

ರುದ್ರಾಣಮ್ಮ ಕೊಟ್ಟಿಗೆಹಾರದವರು. ಗಂಡ ಜೀಪ್ ಓಡಿಸುತ್ತಿದ್ದರು, ಬೇಗ ತೀರಿಕೊಂಡರು. ನರ್ಸಿಂಗ್ ತರಬೇತಿ ಮುಗಿಸಿ ತೊಂಬತ್ತೊಂದರಲ್ಲಿ ಈ ಎಸ್ಟೇಟಿಗೆ ಬಂದಾಗ ಡಿಸ್ಪೆನ್ಸರಿಯಲ್ಲಿ ಇದ್ದದ್ದು ಕೆಮ್ಮಿನ ಮಿಕ್ಸ್ಚರು, ಗಾಯದ ಮದ್ದು, ಜ್ವರದ ಮಾತ್ರೆ. "ಆಗ ಉಬ್ಬಸ ಅಂದ್ರೆ ಜೀಪೇ ಮದ್ದು," ಎಂದು ನೆನೆಯುತ್ತಾರೆ. "ಮಗುನ ತೊಡೆ ಮೇಲೆ ಕೂರಿಸ್ಕೊಂಡು, ಪ್ರತಿ ತಿರುವಲ್ಲೂ ಇನ್ನೊಂದು ಉಸಿರು, ಇನ್ನೊಂದು ಉಸಿರು ಅಂತ ಹೇಳ್ಕೊಂಡು ಮೂಡಿಗೆರೆ ಮುಟ್ಟೋದು."

ಗುರುವಾರ ಗುರುವಾರ ಡಿಸ್ಪೆನ್ಸರಿಗೆ ಬರುವ ಪ್ರೇಮಕುಮಾರಿ ಕಳೆದ ಮಳೆಗಾಲದ ಶುರುವಿನಲ್ಲಿ ಎರಡು ದಿನದ ಮಾತ್ರೆಯ ಮಾತೆತ್ತಿದರು. ದೂರದ ದೊಡ್ಡ ಆಸ್ಪತ್ರೆಗಳಲ್ಲಿ ಎರಡನ್ನೂ ಹೋಲಿಸಿ ನೋಡುತ್ತಿದ್ದಾರೆ, ನಮ್ಮ ಲೈನಿನ ಮಕ್ಕಳಿಗೆ ಯಾವುದು ಒಗ್ಗುತ್ತದೋ ನಾವೂ ನೋಡೋಣ ಎಂದರು. ತಾಯಂದಿರಿಗೆ ಬಿಡಿಸಿ ಹೇಳಿ, ಒಪ್ಪಿದವರ ಮಕ್ಕಳಲ್ಲಿ ಒಬ್ಬರಿಗೆ ಐದು ದಿನದ್ದು, ಅವರ ನಂತರ ಬಂದವರಿಗೆ ಎರಡು ದಿನದ್ದು, ಹೀಗೆ ಸರದಿಯಂತೆ. ಯಾರು ಕಕ್ಕಿದರು, ಯಾರು ಬಿಟ್ಟರು, ಯಾರಿಗೆ ಮತ್ತೆ ಬಂತು ಎಂದು ವಿಚಾರಿಸುವ ಕೆಲಸ ರುದ್ರಾಣಮ್ಮನದು.

ರುದ್ರಾಣಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಐದು ದಿನದ ಕೆಲಸ ಎರಡು ದಿನದಲ್ಲಿ ಮುಗಿಸೋಕೆ ಇದೇನು ಗುತ್ತಿಗೆಯಾ ಡಾಕ್ಟ್ರೇ?"

"ಗುತ್ತಿಗೆ ಅಲ್ಲ ರುದ್ರಾಣಮ್ಮ," ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಇದು ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲೋ ಮದ್ದು. ನುಂಗೋದು ಎರಡು ದಿನ ಆದ್ರೂ ಕೆಲಸ ಅದರಾಚೆಗೂ ನಡೀತದೆ. ಹಳೆಯದು ಹಾಗಲ್ಲ, ದಿನದಿನ ಕೊಡ್ತಾನೇ ಇರ್ಬೇಕು."

"ಮೂರನೇ ದಿನ ಮಗುಗೆ ಮತ್ತೆ ಬಂದ್ರೆ?"

"ಬರಬಹುದು. ಐದು ದಿನದ್ದು ಕೊಟ್ರೂ ಕೆಲವರಿಗೆ ಬರ್ತದೆ. ಅದಕ್ಕೇ ನೀವು ನೋಡ್ಬೇಕು ಅನ್ನೋದು."

ಮಳೆಗಾಲ ಮುಗಿದು ಕುಯ್ಲು ಬರುವ ಹೊತ್ತಿಗೆ ಒಂದು ಸಂಗತಿ ಇಬ್ಬರಿಗೂ ಕಾಣತೊಡಗಿತು. ಎದೆ ಬಿಡಿಸುವುದರಲ್ಲಿ ಎರಡು ಮದ್ದೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಮಗುವಿನ ಬಾಯಲ್ಲಿ, ಆಮೇಲೆ ಮನೆಯಲ್ಲಿ. ಹಳೆಯದರ ಕಹಿಯನ್ನು ಬೆಲ್ಲದಲ್ಲಿ ಕಟ್ಟಿ ಕೊಟ್ಟರೂ ಮಕ್ಕಳು ಕಕ್ಕುತ್ತಿದ್ದವು. ಹೊಸದು ಪುಟ್ಟ ಮಾತ್ರೆ, ಪುಡಿ ಮಾಡಿ ಜೇನಿಗೆ ಕಲೆಸಿದರೆ ಚಪ್ಪರಿಸುತ್ತವೆ. ಎರಡು ದಿನದ್ದಾದರೆ ಮಗು ಆಟಕ್ಕೆ ಎದ್ದು ಓಡುವ ಮುಂಚೆಯೇ ಮದ್ದು ಮುಗಿದಿರುತ್ತದೆ, ಮಂಡಿ ನೋವಿಗೆಂದು ಎತ್ತಿಡಲು ಏನೂ ಉಳಿಯುವುದಿಲ್ಲ. ಇಷ್ಟು ಸಣ್ಣ ಲೆಕ್ಕದಿಂದ ತೀರ್ಮಾನ ಹೇಳಲಾಗದು ಎಂದು ಡಾಕ್ಟರು ಪದೇ ಪದೇ ಎಚ್ಚರಿಸುತ್ತಾರೆ. ಉಬ್ಬಸ ಬಂದಾಗಲೆಲ್ಲ ಮನೆಯಲ್ಲೇ ಈ ಮಾತ್ರೆ ಕೊಡುವ ಹಾಗಿಲ್ಲ ಅಂತಲೂ ಹೇಳುತ್ತಾರೆ.

ರುದ್ರಾಣಮ್ಮನಿಗೆ ಬೇರೊಂದು ಯೋಚನೆ ಹತ್ತಿತು. ಐದು ದಿನ ಹೋಗುತ್ತಿದ್ದಾಗ ಮೊದಲೆರಡು ದಿನ ಎಲ್ಲರೂ ಮಗುವಿನ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಭಯ ಇಳಿದ ಮೇಲೆ, ಮೂರನೇ ದಿನ, ಮನೆಯೇ ಮಾತಾಡತೊಡಗುತ್ತಿತ್ತು. ರೇವತಿ ಒಲೆಯ ಪಕ್ಕದಲ್ಲೇ ಮಲಗುತ್ತಾಳೆ, ಹಸಿ ಸೌದೆ ಉರಿಸುತ್ತಾರೆ ಅಂತ ಗೊತ್ತಾಗಿದ್ದು ಹಾಗೆ. ಮದ್ದು ಎರಡೇ ದಿನಕ್ಕೆ ಮುಗಿದರೆ ಮೂರನೇ ದಿನ ಹೋಗುವವರು ಯಾರು? ಗುರುವಾರ ಡಾಕ್ಟರಿಗೆ ನೇರ ಹೇಳಿಬಿಟ್ಟರು, "ಮದ್ದು ಎರಡು ದಿನ ಆಗ್ಲಿ. ನಡಿಗೆ ಮೂರು ದಿನ. ಮೂರನೇ ದಿನ ಬರಿಗೈಲಿ ಹೋಗ್ತೀನಿ, ಬೆನ್ನಿಗೆ ಕಿವಿ ಇಟ್ಟು ಬರ್ತೀನಿ."

ಡಾಕ್ಟರು ಒಪ್ಪಿದರು. ಅಷ್ಟೇ ಅಲ್ಲ, ಹೊಗೆಯ ವಿಷಯ ಕೇಳಿ ಎಸ್ಟೇಟಿನ ಸಾಹುಕಾರರಾದ ಕೃಷ್ಣಪ್ಪನವರ ಹತ್ತಿರ ಇಬ್ಬರೂ ಹೋಗಿ, ಲೈನಿನ ಒಲೆಗಳಿಗೆ ಹೊಗೆಕೊಳವೆ ಕೇಳಿ ಬಂದರು. "ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಕಳಿಸಿ ದುಡ್ಡು ಬರ್ಲಿ, ನೋಡೋಣ," ಎಂದಿದ್ದಾರಂತೆ. ಇನ್ನೇನು ಬೇಕು ಎಂದು ಕೇಳಿದರೆ ರುದ್ರಾಣಮ್ಮ ಆ ಕೊಳವೆಯನ್ನೇ ಹೇಳುತ್ತಾರೆ.

ಈಗ ಲೈನು ಬಂತು. ಹೆಂಚಿನ ಸಂದಿಯಿಂದೆಲ್ಲ ಹೊಗೆ. ಕೊನೆಯ ಮನೆಯ ಬಾಗಿಲು ತೆರೆದಿದೆ. ಒಳಗೆ ಚಾಪೆ ಖಾಲಿ. ರುದ್ರಾಣಮ್ಮ ಬ್ಯಾಟರಿಯ ಬೆಳಕನ್ನು ಮೂಲೆಮೂಲೆಗೂ ಬಿಡುತ್ತಾರೆ.

"ಅಂಜನಾ! ಮಗು ಎಲ್ಲೇ?"

ಅಂಜನಮ್ಮ ಸೊಂಟದ ಗೋಣಿ ಬಿಗಿಯುತ್ತಾ ಹೊರಗೆ ಬರುತ್ತಾಳೆ. "ಎಲ್ಲಿ ಅಂದ್ರೆ, ಮೇಲೆ ನಲ್ಲಿ ಹತ್ರ ಅಕ್ಕ. ನಿಲ್ಲು ಅಂದ್ರೆ ಕೇಳ್ತಾಳಾ?"

ನಲ್ಲಿ ಇರುವುದು ಮೆಟ್ಟಿಲು ಕಡಿದ ಏರಿನ ಮೇಲೆ. ರುದ್ರಾಣಮ್ಮ ಸೀರೆ ಎತ್ತಿ ಕಟ್ಟಿ, ನಿಲ್ಲದೆ ಹತ್ತುತ್ತಾರೆ. ಕೊಡ ತುಂಬುತ್ತಿದ್ದ ವಸಂತಮ್ಮ ಕೂಗುತ್ತಾರೆ, "ನರ್ಸಮ್ಮ, ಆ ಹೊಸ ಮಾತ್ರೆ ಒಂದು ಉಳಿದಿದ್ರೆ ನನ್ನ ಮಂಡಿಗೆ..."

"ಉಳಿಯೋ ಜಾತಿದಲ್ಲ ಅದು! ಗುರುವಾರ ಡಾಕ್ಟ್ರ ಮುಂದೆ ಬಾ, ನಿನ್ನ ಮಂಡಿಗೆ ನಿನ್ನದೇ ಮದ್ದು ಕೊಡಿಸ್ತೀನಿ."

ನಲ್ಲಿಯ ಹಿಂದೆ ರೇವತಿ ಕಾಫಿ ಹಣ್ಣಿನ ಸಿಪ್ಪೆ ಚೀಪುತ್ತಾ ನಿಂತಿದ್ದಾಳೆ. ರುದ್ರಾಣಮ್ಮ ಅವಳನ್ನು ತಿರುಗಿಸಿ ನಿಲ್ಲಿಸಿ, ತಮ್ಮ ಮಫ್ಲರ್ ಸರಿಸಿ, ಬೆನ್ನಿಗೆ ಕಿವಿ ಇಡುತ್ತಾರೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ವಸಂತಮ್ಮ ನಲ್ಲಿ ನಿಲ್ಲಿಸಿ ಕಾಯುತ್ತಾರೆ. ಉಬ್ಬಸದ ಸಿಳ್ಳೆ ಇಲ್ಲ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಅಷ್ಟೇ ಸದ್ದು.

"ಅಜ್ಜಿ, ನಿನ್ನ ಕಿವಿ ತಣ್ಣಗಿದೆ," ಎಂದು ಕೊಸರಿಕೊಂಡು ಹುಡುಗಿ ಮೆಟ್ಟಿಲಿಳಿದು ಓಡಿಯೇ ಬಿಡುತ್ತಾಳೆ. ಅಷ್ಟರಲ್ಲಿ ಮಸ್ಟರಿನ ಗಂಟೆ ಹೊಡೆಯುತ್ತದೆ. ರುದ್ರಾಣಮ್ಮ ನಲ್ಲಿಯ ಕಟ್ಟೆಯ ಮೇಲೆ ಕೂತು, ಎದೆ ಹಿಡಿದುಕೊಂಡು, ದಮ್ಮು ತೆಗೆದುಕೊಳ್ಳುತ್ತಾರೆ.

ಹಿಂದೆಯೇ ಹತ್ತಿ ಬಂದ ಅಂಜನಮ್ಮನಿಗೆ ಗಾಬರಿ. "ಎಂತ ಅಕ್ಕ, ನಿಮಗೇ ಏದುಸಿರು ಬಂತಲ್ಲ!"

"ಬರ್ಲಿ ಬಿಡೆ ಮಾರಾಯ್ತಿ," ಎನ್ನುತ್ತಾರೆ ರುದ್ರಾಣಮ್ಮ, ಮಫ್ಲರಿನಿಂದ ಮುಖ ಒರೆಸಿಕೊಳ್ಳುತ್ತಾ. "ಇವತ್ತು ಈ ಲೈನಲ್ಲಿ ಏದುಸಿರು ಬಿಡೋಳು ನಾನೊಬ್ಬಳೇ."